ಮುಯ್ಯಿ ತೀರಿಸಲು ಹೋದ ದಿನ

ಸಾಗರದ ಬಸ್‌ಸ್ಟ್ಯಾಂಡಿನಿಂದ ಕೆಳದಿ ರಸ್ತೆ ಹಿಡಿದು ಹೊರಟರೆ ಈಗ ಅರ್ಧ ಗಂಟೆ ನಡೆದರೂ ಮನೆಗಳ ಸಾಲು ಮುಗಿಯುವುದಿಲ್ಲ. ಆ ಸಾಲಿನ ನಡುವೆ ಒಂದು ಕಡೆ ನಮ್ಮ ಗದ್ದೆ ಇತ್ತು. ಎಲ್ಲಿ ಎಂದು ಯಾರಾದರೂ ಕೇಳಿದರೆ ಕರೆದುಕೊಂಡು ಹೋಗಿ ತೋರಿಸಬಲ್ಲೆ, ಆದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಅಂದುಕೊಂಡಿದ್ದಕ್ಕಿಂತ ಹತ್ತು ವರ್ಷ ತಡವಾಗಿ ಅದು ಹೋಯಿತು. ಆ ಹತ್ತು ವರ್ಷ ಅದು ಹೇಗೆ ಉಳಿಯಿತು ಎನ್ನುವುದನ್ನು ಬರೆದಿಡಬೇಕು ಅನ್ನಿಸಿದೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ, ಅದನ್ನೂ ಬರೆಯಬೇಕು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನನ್ನದು ತೀರ್ಥಹಳ್ಳಿ ಪೇಟೆ, ಅಪ್ಪನಿಗೆ ಒಂದು ಸಣ್ಣ ಬಟ್ಟೆ ಅಂಗಡಿ. ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆನೇ ಹೊರತು ಇಳಿದವಳಲ್ಲ. ಮದುವೆಯಾಗಿ ಹೊಸನಗರದ ಮೇಲೆ ಸಾಗರಕ್ಕೆ ಬರುವಾಗ ಗಂಡನನ್ನು ನಾನು ಕೇಳಿದ ಮೊದಲ ಮಾತೇ, ‘ಮನೆಯಿಂದ ಪೇಟೆ ಎಷ್ಟು ದೂರ?’ ಎಂದು. ‘ಎರಡೇ ಮೈಲಿ’ ಎಂದರು. ಆ ಎರಡು ಮೈಲಿಯ ಧೈರ್ಯದಲ್ಲೇ ಹೊಸಿಲು ದಾಟಿದೆ. ಪೇಟೆ ತಾನಾಗಿ ಎರಡು ಮೈಲಿ ನಡೆದು ನಮ್ಮ ಬಾಗಿಲಿಗೆ ಬರುತ್ತದೆಂದು ಆಗ ನನಗೆ ಯಾರಾದರೂ ಹೇಳಿದ್ದರೆ ಕುಣಿದಾಡುತ್ತಿದ್ದೆ.

ರಸ್ತೆಯ ಕೆಳಗೆ ನಾಲ್ಕು ಮನೆ, ನಾಲ್ಕೂ ಮನೆಯ ಗದ್ದೆ. ಹಿಂದಿನ ಕೆರೆಯಿಂದ ಒಂದು ಸಣ್ಣ ಕಾಲುವೆ ಬರುತ್ತಿತ್ತು. ನೀರು ಮೊದಲು ಮೇಲ್ಮನೆಯವರ ಗದ್ದೆಗೆ, ಅಲ್ಲಿಂದ ಬದುವಿನ ಬುಡದಲ್ಲಿ ಬಿಟ್ಟ ಗಂಡಿಯ ಮೂಲಕ ನಮ್ಮ ಗದ್ದೆಗೆ, ನಮ್ಮದನ್ನು ದಾಟಿ ಕೆಳಗಿನ ಎರಡು ಮನೆಗಳ ಗದ್ದೆಗೆ ಇಳಿದು ಹಳ್ಳ ಸೇರುತ್ತಿತ್ತು. ಗಂಡಿ ಅಂದರೆ ಏನೋ ದೊಡ್ಡದಲ್ಲ, ಒಂದು ಮೊಳ ಅಗಲದ ಕಿಂಡಿ. ಬೇಸಿಗೆಯಲ್ಲಿ ಅದು ಕೆಸುವಿನ ಗಿಡ ಬೆಳೆದು ಮುಚ್ಚಿಹೋಗುತ್ತಿತ್ತು. ಪ್ರತಿ ವರ್ಷ ಆರಿದ್ರಾ ಮಳೆ ಹಿಡಿದ ಕೂಡಲೇ ಮಾವ ಗುದ್ದಲಿ ತೆಗೆದುಕೊಂಡು ಹೋಗಿ ಅದರ ಬಾಯಿ ಬಿಡಿಸಿ ಬರುತ್ತಿದ್ದರು.

ನಟ್ಟಿಗೆ ಕೂಲಿಗೆ ಜನ ಕರೆಯುವ ರೂಢಿ ಆ ನಾಲ್ಕು ಮನೆಗಳಲ್ಲಿ ಇರಲಿಲ್ಲ. ಮುಯ್ಯಾಳಿನಲ್ಲೇ ಎಲ್ಲ ನಡೆಯುತ್ತಿತ್ತು. ಇವತ್ತು ನಮ್ಮ ಗದ್ದೆಗೆ ಆ ಮೂರೂ ಮನೆಯವರು ಬಂದು ನೆಟ್ಟರೆ, ಅವರವರ ದಿನ ಬಂದಾಗ ನಾವು ಅಷ್ಟೇ ಜನ ಹೋಗಿ ನೆಟ್ಟು ಮುಯ್ಯಿ ತೀರಿಸಿ ಬರುವುದು. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ನಮ್ಮ ಅತ್ತೆಗಂತೂ ಎಂಟು ವರ್ಷದ ಹಿಂದೆ ಯಾವ ಮನೆಯ ಹುಡುಗಿ ಹೊಟ್ಟೆನೋವೆಂದು ಮಧ್ಯಾಹ್ನಕ್ಕೇ ಎದ್ದು ಹೋದಳು ಎನ್ನುವುದೂ ನೆನಪಿತ್ತು. ಬೇರೆಯವರು ತಮಗೆ ಕೊಡಬೇಕಾದ ದಿನವನ್ನು ಅವರು ನಗುತ್ತ ಬಿಟ್ಟುಕೊಡುವರು. ತಾವು ಕೊಡಬೇಕಾದದ್ದು ಅರ್ಧ ದಿನ ಉಳಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ನನ್ನ ಮೊದಲ ನಟ್ಟಿಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಾಲಿನಲ್ಲಿ ನಿಧಾನದವಳು ಸಿಕ್ಕಿದರೆ ಹೆಂಗಸರಿಗೆ ಒಂದು ಆಟ. ಅಕ್ಕಪಕ್ಕದವರು ಚಕಚಕನೆ ನೆಡುತ್ತ ಹಿಂದೆ ಸರಿದು ಅವಳ ಸುತ್ತ ಸಸಿ ನೆಟ್ಟುಬಿಡುತ್ತಾರೆ. ಅವಳೊಬ್ಬಳು ನಡುವೆ ಖಾಲಿ ಕೆಸರಿನಲ್ಲಿ ಸಿಕ್ಕಿಬೀಳುತ್ತಾಳೆ, ಹೊರಗೆ ಬರಬೇಕೆಂದರೆ ನೆಟ್ಟಿದ್ದನ್ನು ತುಳಿಯಬೇಕು. ನನ್ನನ್ನು ಹಾಗೆ ನಿಲ್ಲಿಸಿ, ‘ಪ್ಯಾಟೆ ಹುಡುಗಿಗೆ ನಡೂ ಗದ್ದೇಲಿ ಸೈಟು ಸಿಕ್ತು ನೋಡ್ರೇ!’ ಎಂದು ಕೆಳಗಿನ ಮನೆಯವರು ನಕ್ಕಿದ್ದೇ ನಕ್ಕಿದ್ದು. ಮೇಲ್ಮನೆ ಅಕ್ಕ ಮಾತ್ರ ನಗಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳು. ತನ್ನ ಸಾಲು ಬಿಟ್ಟು ನನ್ನ ಪಕ್ಕ ಬಂದು ಬಗ್ಗಿದಳು.

‘ಹೆಬ್ಬೆಟ್ಟಲ್ಲಿ ಒತ್ತಾದಲ್ಲ ಮಾರಾಯ್ತಿ. ಎರಡು ಬೆರಳಲ್ಲಿ ಹಿಂಗೆ ಇಳ್ಸಾದು. ಅದುಕ್ಕೆ ನೋವಾಗ್ಬಾರ್ದು.’

ಆಮೇಲೆ ಎಷ್ಟೋ ವರ್ಷ ಅವಳು ನನ್ನ ಪಕ್ಕದ ಸಾಲಿನಲ್ಲೇ ನಿಂತಳು. ತನ್ನ ಪಾಲಿನದು ನೆಡುತ್ತ ನೆಡುತ್ತ ನನ್ನ ಕಡೆಗೂ ನಾಲ್ಕು ಸಸಿ ಊರಿ, ಏನೂ ಆಗದವಳಂತೆ ಸಸಿಯ ಮುಂದಿನ ಕಟ್ಟಿನತ್ತ ಕೈ ಚಾಚುತ್ತಿದ್ದಳು. ಮಳೆಗೆ ಹೊದ್ದ ಗೊರಬಿನ ಮರೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ತವರಿನಿಂದ ದೂರ ಬಂದವಳಿಗೆ ಆ ನಾಲ್ಕು ಸಸಿ ಏನಾಗಿತ್ತು ಎಂದು ಹೇಳಲು ನನಗೆ ಈಗಲೂ ಬರುವುದಿಲ್ಲ. ಅವಳೆಂದರೆ ನನಗೆ ಪ್ರಾಣ, ಅಷ್ಟೇ.

ಎಂಬತ್ತರ ನಂತರ ಪೇಟೆ ನಮ್ಮ ರಸ್ತೆಯ ಮೇಲಂಚಿಗೆ ಬಂತು. ಮೊದಲು ಒಬ್ಬರು ಮೇಷ್ಟ್ರು, ಆಮೇಲೆ ಬ್ಯಾಂಕಿನವರು, ಆಮೇಲೆ ಲೆಕ್ಕವಿಲ್ಲ. ಒಳ್ಳೆಯ ಜನ, ಸಾಲಸೋಲ ಮಾಡಿ ಮನೆ ಕಟ್ಟಿದವರು. ಅವರ ಮನೆಗಳಲ್ಲಿ ನಾನು ಚಹಾ ಕುಡಿದಿದ್ದೇನೆ, ನಲ್ಲಿ ತಿರುಗಿಸಿ ಕೈ ತೊಳೆದು ಹೊಟ್ಟೆ ಉರಿದುಕೊಂಡಿದ್ದೇನೆ. ಆದರೆ ಅವರ ಬಚ್ಚಲ ನೀರೆಲ್ಲ ರಸ್ತೆಯಡಿಯ ಮೋರಿಯಲ್ಲಿ ಬಂದು ಮೇಲ್ಮನೆ ಗದ್ದೆಗೆ ಬೀಳುತ್ತಿತ್ತು. ಮೊದಲು ಸೋಪಿನ ನೊರೆ ಬಂತು. ಆಮೇಲೆ ಒಡೆದ ಬಳೆ, ಔಷಧಿ ಬಾಟಲಿಯ ಚೂರು, ಗಡ್ಡ ಕೆರೆದ ಬ್ಲೇಡು ಎಲ್ಲ ಬಂದವು. ಗದ್ದೆಗೆ ಇಳಿಯುವವರು ಚಪ್ಪಲಿ ಹಾಕುವುದಿಲ್ಲ. ಹಾಕಿದರೂ ಕೈಗೆ ಏನು ಹಾಕುವುದು?

ಒಂದು ವರ್ಷ ನಮ್ಮ ಗದ್ದೆಯ ನಟ್ಟಿ ಮೊದಲು ಆಯಿತು. ಮೇಲ್ಮನೆಯಿಂದ ಅಕ್ಕ, ಅವಳ ಗಂಡ, ಮೈದುನ, ಓರಗಿತ್ತಿ ನಾಲ್ಕೂ ಜನ ಬಂದು ಒಂದು ದಿನ ಪೂರ್ತಿ ನೆಟ್ಟರು. ಮಾರನೆಯ ದಿನ ಅವರ ಗದ್ದೆ. ನಾವು ನಾಲ್ಕು ಜನ ಹೋಗಿ ಇನ್ನೂ ಸಾಲು ಹಿಡಿದಿರಲಿಲ್ಲ, ಅಕ್ಕನ ಅಂಗಾಲಿಗೆ ಗಾಜು ಹೊಕ್ಕಿತು. ಕೆಸರು ನೀರು ಕೆಂಪಾಗುವುದನ್ನು ನಾನೇ ಮೊದಲು ಕಂಡು ಕೂಗಿಕೊಂಡೆ. ಅವಳು ಕೂಗಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟನ್ನು ಬದುವಿನ ಮೇಲಿಟ್ಟು, ‘ಎಲ್ಲ ಮೇಲೆ ಬನ್ನಿ, ಯಾರೂ ಇಳೀಬ್ಯಾಡಿ’ ಎಂದಳು. ಆ ವರ್ಷ ಅವರ ಗದ್ದೆ ಬೀಳು ಬಿತ್ತು.

ಸೈಟು ಮಾಡಿ ಮಾರುವ ಒಬ್ಬರು ಅಷ್ಟರಲ್ಲೇ ಮೋಟಾರು ಸೈಕಲ್ಲಿನಲ್ಲಿ ನಮ್ಮ ಕಡೆ ಓಡಾಡತೊಡಗಿದ್ದರು. ಬಿಳೀ ಪ್ಯಾಂಟು, ಬಹಳ ಮರ್ಯಾದೆಯ ಮಾತು. ಯಾರ ಮನೆಗೆ ಹೋದರೂ ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಅಕ್ಕನ ಗಂಡನಿಗೆ ಮಾರುವ ಮನಸ್ಸಿರಲಿಲ್ಲ. ಅಕ್ಕನೇ ಹೇಳಿದಳು: ‘ಕೈ ಹಾಕಾಕೆ ಹೆದ್ರಿಕೆ ಆಗೋ ಮಣ್ಣಲ್ಲಿ ನಾ ಎಂತ ನೆಡ್ಲಿ? ಕೊಟ್ಬಿಡಿ.’ ರಸ್ತೆ ಬದಿಯ ಹಳೆಯ ಮನೆಯೂ ಗದ್ದೆಯೂ ಹೋದವು. ಕಾಲುವೆಯ ಕಡೆ, ನಮ್ಮ ಬದುವಿಗೆ ತಾಗಿದ ಒಂದು ಮೂಲೆಯನ್ನು ಮಾತ್ರ ಹೊಸ ಮನೆ ಕಟ್ಟಿಕೊಳ್ಳಲು ಉಳಿಸಿಕೊಂಡರು.

ಮಾರಿದ್ದಕ್ಕೆ ಅತ್ತೆ ಒಂದು ಮಾತೂ ಆಡಲಿಲ್ಲ. ಅವರ ಸಂಕಟವೇ ಬೇರೆ. ‘ನಾಕು ಆಳು, ಒಂದು ದಿನ’ ಎಂದು ಅಕ್ಕಿ ಆರಿಸುವಾಗಲೂ ಗೊಣಗುತ್ತಿದ್ದರು. ನಮ್ಮ ಗದ್ದೆಗೆ ಅವರು ಬಂದು ನೆಟ್ಟಿದ್ದಾಗಿತ್ತು, ಅವರ ಗದ್ದೆಗೆ ನಾವು ನೆಟ್ಟಿರಲಿಲ್ಲ. ಇನ್ನು ನೆಡಲು ಅವರಿಗೆ ಗದ್ದೆಯೇ ಇಲ್ಲ. ಒಂದು ದಿನ ಅತ್ತೆ ಹೋಗಿ ಇದನ್ನೇ ಎತ್ತಿದಾಗ ಅಕ್ಕ, ‘ಬಿಡಿ ದೊಡ್ಡಮ್ಮ, ಗದ್ದೆನೇ ಇಲ್ದ ಮೇಲೆ ಮುಯ್ಯಿ ಎಂತದು’ ಎಂದಳಂತೆ. ಅತ್ತೆ ಮುಖ ಸಣ್ಣ ಮಾಡಿಕೊಂಡು ಬಂದರು. ಮುಯ್ಯಿ ಬೇಡ ಎಂದರೆ ಅವರ ಮಟ್ಟಿಗೆ ನೀವೂ ಬೇಡ ಎಂದ ಹಾಗೆ.

ಆ ಬೇಸಿಗೆಯಲ್ಲಿ ಅಕ್ಕನ ಹೊಸ ಮನೆಯ ಪಾಯ ಎದ್ದಿತು. ಒಳಗೆ ಮಣ್ಣು ತುಂಬಲು ಆಳು ಸಿಗುತ್ತಿಲ್ಲ ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅವರ ಮುಖ ಅರಳಿದ್ದು ಹೇಗಿತ್ತು ಎಂದರೆ, ಯಾರೋ ಕಳೆದುಹೋದ ಓಲೆ ಹುಡುಕಿ ಕೊಟ್ಟಿದ್ದರು ಎನ್ನಬೇಕು. ಮಾರನೆಯ ಬೆಳಿಗ್ಗೆ ಅತ್ತೆ, ಮಾವ, ನನ್ನ ಗಂಡ, ನಾನು, ಸರಿಯಾಗಿ ನಾಲ್ಕು ಜನ, ಬುಟ್ಟಿ ಗುದ್ದಲಿ ಹಿಡಿದು ಹೊರಟೆವು. ಅಕ್ಕ ಬೇಡ ಬೇಡ ಎಂದು ಬುಟ್ಟಿ ಕಿತ್ತುಕೊಳ್ಳಲು ಬಂದಳು. ಅತ್ತೆ ಬಿಡಲಿಲ್ಲ. ‘ನಟ್ಟಿ ಮಾಡಾಕೆ ಬಂದೀವಿ ಅಂತ ತಿಳ್ಕ. ನೀನು ಅಡುಗೆ ನೋಡು ಹೋಗು’ ಎಂದು ಗದರಿದರು.

ಅಂಥ ಸಂತೋಷದ ಕೆಲಸವನ್ನು ನಾನು ಆಮೇಲೆ ಮಾಡಿದ್ದು ಕಡಿಮೆ. ತಲೆಗೆ ಸಿಂಬೆ ಇಟ್ಟು ಬುಟ್ಟಿ ಹೊತ್ತು ಅತ್ತೆ ಸೊಸೆ ಇಬ್ಬರೂ ಪೈಪೋಟಿಯಲ್ಲಿ ಓಡಾಡಿದೆವು. ಕೂಲಿ ಕೇಳದೆ ಇಷ್ಟು ಮೈಮುರಿದು ದುಡಿಯುವವರು ಯಾರಪ್ಪಾ ಎಂದು ಮೇಸ್ತ್ರಿ ಬೀಡಿ ಹಚ್ಚಿ ನೋಡುತ್ತ ನಿಂತ. ಮಧ್ಯಾಹ್ನ ಅಕ್ಕ ನಟ್ಟಿಯ ದಿನ ಬಡಿಸುವ ಹಾಗೆಯೇ ಸಾಲಾಗಿ ಕೂರಿಸಿ ಬಡಿಸಿದಳು. ಊಟವಾದ ಮೇಲೆ ನಮ್ಮ ಬದುವಿನ ಪಕ್ಕದ ಅಂಚು ಉಳಿದಿತ್ತು. ಅಲ್ಲಿ ಕೆಸುವಿನ ಎಲೆಗಳ ಅಡಿಯಲ್ಲಿ ಒಂದು ತಗ್ಗು.

‘ಅಲ್ಲಿ ಸರಿಯಾಗಿ ತುಂಬು ಹುಡುಗಿ’ ಎಂದರು ಅತ್ತೆ. ‘ನಾಳೆ ಅವಳ ಗೋಡೆ ಬಿರುಕು ಬಿಡ್ಬಾರ್ದು.’

ನಾನು ಕೆಸುವನ್ನು ಬೇರುಸಹಿತ ಕಿತ್ತೆಸೆದು, ಕಲ್ಲು ಇಟ್ಟು, ಬುಟ್ಟಿಗಟ್ಟಲೆ ಮಣ್ಣು ಸುರಿದು, ಮೇಲೆ ದಿಮ್ಮಸು ಹಾಕಿ ಬಡಿದೆ. ಮಾವ ಬಂದು ಕಾಲಿನಿಂದ ಒತ್ತಿ ನೋಡಿ, ‘ಗಟ್ಟಿಯಾತು’ ಎಂದು ಮೆಚ್ಚಿಕೊಂಡರು. ಮನೆಗೆ ಬಂದು ಕಾಲು ತೊಳೆಯುತ್ತ ಅತ್ತೆ, ‘ತೀರ್ತು ಮಾರಾಯ್ತಿ, ಹಗುರ ಆತು’ ಎಂದರು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಫಾಲ್ಗುಣದ ಒಣ ನೆಲದಲ್ಲಿ ನೀರಿನ ನೆನಪು ಯಾರಿಗೆ ಬರುತ್ತದೆ?

ಆರಿದ್ರೆಯಲ್ಲಿ ನೆನಪಾಯಿತು. ಅಷ್ಟರಲ್ಲಿ ಅಕ್ಕನ ಮನೆಗೆ ಹೆಂಚು ಹೊದಿಸಿ ಮಳೆಗಾಲಕ್ಕೆ ಮೊದಲೇ ಒಕ್ಕಲಾಗಿತ್ತು. ನಾವು ಸಸಿಮಡಿ ಹಾಕಿದ್ದೆವು. ಮಾವ ಎಂದಿನಂತೆ ಗುದ್ದಲಿ ಹೆಗಲಿಗೇರಿಸಿ ಗಂಡಿಯ ಬಾಯಿ ಬಿಡಿಸಲು ಹೋದರು. ಹೋದವರು ಎಷ್ಟು ಹೊತ್ತಾದರೂ ಬಾರದಿದ್ದಾಗ ಅತ್ತೆ, ನಾನು ನೋಡಲು ಹೋದೆವು. ಮಾವ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಎದುರಿಗೆ ಅಕ್ಕನ ಅಡುಗೆಮನೆಯ ಗೋಡೆ. ಗಂಡಿ ಅದರಡಿಯಲ್ಲಿತ್ತು. ದಾರಿ ಕಾಣದ ಕಾಲುವೆಯ ನೀರು ಮನೆಯ ಹಿಂದಿನಿಂದಲೇ ತಿರುಗಿ ಹೊಸ ಸೈಟುಗಳ ಚರಂಡಿಗೆ ಓಡುತ್ತಿತ್ತು.

‘ನಾವೇ ಅಲ್ದಾ ತುಂಬಿದ್ದು!’ ಎಂದು ಅತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಮಳೆ ಜೋರಾಗಿ ಹಿಡಿದಿದ್ದರೆ ಹೇಗೋ ಆಗುತ್ತಿತ್ತು. ಆ ವರ್ಷ ಪುನರ್ವಸು ಪೂರ್ತಿ ಮಳೆ ಬಿಟ್ಟು ಹೊಳವು. ಬಿಸಿಲು ಬಿದ್ದು, ಉತ್ತಿಟ್ಟ ಕೆಸರು ಬಿರುಕು ಬಿಡತೊಡಗಿತು. ಮಡಿಯಲ್ಲಿ ಸಸಿ ಬಲಿಯುತ್ತ, ತುದಿ ಹಳದಿಯಾಗುತ್ತ ಬಂತು. ಕೆಳಗಿನ ಎರಡು ಮನೆಯವರಿಗೂ ನಮ್ಮನ್ನು ದಾಟಿಯೇ ನೀರು ಹೋಗಬೇಕು. ಅವರು ದಿನಾ ಬಂದು ಜಗಲಿಯಲ್ಲಿ ಕೂತು, ‘ನೀವು ಎಂತ ಮಾಡ್ತೀರೋ ನಮ್ದೂ ಅದೇ’ ಎಂದು ಹೇಳಿ ಹೋಗುತ್ತಿದ್ದರು. ಬಿಳೀ ಪ್ಯಾಂಟಿನವರೂ ಬಂದು ಮಜ್ಜಿಗೆ ಕುಡಿದರು.

ಅಕ್ಕನಿಗೆ ಒಂದು ಮಾತು ಹೇಳೋಣ ಎಂದರೆ ಅತ್ತೆ ಉರಿದುಬಿದ್ದರು. ‘ಹೊಸ ಮನೆ ಕಟ್ಟಿ ಕೂತವಳಿಗೆ ಗೋಡೆ ಒಡಿ, ಅಂಗಳ ಅಗಿ ಅಂತ ಹೇಳಾಕಾಗ್ತದಾ? ಮುಯ್ಯಿ ತೀರ್ಸಾಕೆ ಹೋದವ್ರು ನಾವು. ತೀರ್ಸಿ ಆಮ್ಯಾಲೆ ಅದ್ರಿಂದ ಹಿಂಗಾತು ಅಂತ ಹೇಳಾದು ಯಾವ ಮರ್ಯಾದೆ? ಯಾರೂ ತುಟಿ ಪಿಟಕ್ ಅನ್ಬಾರ್ದು.’

ಕೊನೆಗೆ ಮಾವ ಸೋತರು. ನೀರಿಲ್ಲದ ಗದ್ದೆ ಇಟ್ಟುಕೊಂಡು ಮಾಡುವುದೇನು ಎಂದು, ‘ನಾಡಿದ್ದು ಬನ್ನಿ, ಕೂತು ಮಾತಾಡಾನ’ ಎಂದು ಬಿಳೀ ಪ್ಯಾಂಟಿನವರಿಗೆ ಹೇಳಿ ಕಳಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಮುಚ್ಚಿಟ್ಟರೆ ನಾನು ಬರೆಯುತ್ತಿರುವುದೆಲ್ಲ ಸುಳ್ಳು. ನಲ್ಲಿ ಎಲ್ಲಿ ಬರಬೇಕು, ಸ್ವಿಚ್ಚು ಎಲ್ಲಿ ಬರಬೇಕು ಎಂದು ಮನಸ್ಸಿನಲ್ಲೇ ಮನೆ ಕಟ್ಟಿ ಮುಗಿಸಿದ್ದೆ. ಇನ್ನು ಕೆಸರಿಗೆ ಇಳಿಯುವುದಿಲ್ಲ ಎಂದು ಸೊಂಟ ಮುಟ್ಟಿ ನೋಡಿಕೊಂಡೆ.

ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಗಡಗಡೆಯ ಸದ್ದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಅತ್ತೆ ಕೊಡದಲ್ಲಿ ನೀರು ಸೇದಿ ಸೇದಿ ಸಸಿಮಡಿಗೆ ಹೊಯ್ಯುತ್ತಿದ್ದರು. ನಾಳೆ ಹೋಗುವ ಗದ್ದೆಗೆ ಇವತ್ತು ಯಾರಾದರೂ ಸಸಿ ಉಳಿಸುತ್ತಾರೆಯೇ? ನನಗೆ ಸಿಟ್ಟೇ ಬಂತು. ‘ಎಂತಕ್ಕೆ ಅತ್ತೆ ಇದೆಲ್ಲ? ನೆಡೋದೆಲ್ಲಿ?’ ಎಂದು ಕೇಳಿದೆ.

ಅವರು ತಲೆ ಎತ್ತಲಿಲ್ಲ. ‘ಇವತ್ತಿಗೆ ಬಾಯಾರಿಕೆ ಆಗ್ತದಲ್ಲ’ ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಆ ತಗ್ಗನ್ನು ಅಷ್ಟು ಚೆಂದವಾಗಿ ತುಂಬಿದ ಕೈ ನನ್ನದು. ಅದರ ಮೇಲೆ ನನ್ನ ನಲ್ಲಿಯನ್ನೂ ಇಟ್ಟುಕೊಂಡು ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಸೆರಗಿಗೆ ಕೈ ಒರೆಸಿಕೊಂಡು ಸೀದಾ ಅಕ್ಕನ ಮನೆಗೆ ಹೋದೆ. ಅವಳು ದೋಸೆಗೆ ರುಬ್ಬುತ್ತಿದ್ದಳು. ಬಾಗಿಲಲ್ಲೇ ನಿಂತು, ‘ಅಕ್ಕಾ, ನಿಮ್ಮ ಅಡುಗೆಮನೆ ಗೋಡೆ ಅಡಿಗೆ ನಮ್ಮ ಗಂಡಿ ಇದೆ. ನಾನೇ ತುಂಬಿದ್ದು. ನಾಳೆ ಗದ್ದೆ ಮಾರ್ತಾರೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಟ್ಟೆ.

ಅಕ್ಕ ರುಬ್ಬುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಬೈದಳು ನೋಡಿ! ‘ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕಂಡಿದ್ರಾ ಎಲ್ಲ? ಒಂದು ಗ್ವಾಡೆ ಆಚೆ ಇದ್ದೀನಿ, ಹೊಳೆ ಆಚೆ ಅಲ್ಲ!’ ಬೈಯುತ್ತಲೇ ನನ್ನ ಕಣ್ಣು ಒರೆಸಿದಳು. ಕೈಗೆ ಅಂಟಿದ್ದ ಹಿಟ್ಟೆಲ್ಲ ನನ್ನ ಕೆನ್ನೆಗಾಯಿತು.

ಮರುದಿನ ಬೆಳಿಗ್ಗೆ ಮಾವ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಮೋಟಾರು ಸೈಕಲ್ಲು ಬಂದು ನಿಂತಿತು. ಬಿಳೀ ಪ್ಯಾಂಟಿನವರು ಚೀಲದಿಂದ ಕಾಗದ ತೆಗೆದು ತೊಡೆಯ ಮೇಲೆ ಸರಿಮಾಡಿಕೊಂಡರು. ನಾನು ಮಜ್ಜಿಗೆ ತಂದಿಟ್ಟೆ. ಮೇಲಿನಿಂದ ಠಣ್ ಠಣ್ ಎಂದು ಹಾರೆಯ ಸದ್ದು ಬೆಳಗಿನಿಂದಲೂ ಕೇಳುತ್ತಲೇ ಇತ್ತು, ಮಾವ ಅದನ್ನು ಸೈಟಿನವರ ಕೆಲಸ ಎಂದುಕೊಂಡಿದ್ದರು. ಅದು ನಿಂತಿತು. ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಬೇರೆ ಸದ್ದು ಬಂತು. ಒಣಗಿದ ಮಣ್ಣಿಗೆ ನೀರು ನುಗ್ಗುವ ಸದ್ದು. ಮಾವ ತಲೆ ವಾರೆ ಮಾಡಿ ಕೇಳಿದರು. ಎದ್ದು ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದರು.

‘ಮಜ್ಜಿಗೆ ಕುಡೀರಿ ಮಾರಾಯ್ರೆ’ ಎಂದರು. ‘ಇವತ್ತು ಮಾತಾಡಾಕೆ ಪುರ್ಸೊತ್ತಿಲ್ಲ. ನೀರು ಬಂತು.’

ನಾವೆಲ್ಲ ಓಡಿದೆವು. ಅಕ್ಕ ಮತ್ತು ಅವಳ ಗಂಡ ಕಾಲುವೆಯಿಂದ ಹಿಡಿದು, ಮನೆಯ ಪಕ್ಕದಲ್ಲಿ ಸುತ್ತಿಸಿ, ಮುಂದಿನ ಅಂಗಳದ ನಟ್ಟನಡುವೆ ಕಾಲುವೆ ಕಡಿದಿದ್ದರು. ಹೊಸದಾಗಿ ಹಾಸಿದ ಚಪ್ಪಡಿಗಳನ್ನು ಕಿತ್ತು ಬದಿಗೆ ಒರಗಿಸಿದ್ದರು. ಬಾಗಿಲಿನ ಮುಂದಿನ ಮೆಟ್ಟಿಲೇ ಇರಲಿಲ್ಲ. ಒಳಗೆ ಹೋಗಬೇಕೆಂದರೆ ಇನ್ನು ಹಲಗೆಯ ಮೇಲೆ ದಾಟಬೇಕು. ಅಕ್ಕ ಮೊಣಕಾಲಿನವರೆಗೂ ಕೆಸರಾಗಿ ನಮ್ಮ ಬದುವಿನಲ್ಲಿ ಹೊಸ ಗಂಡಿ ಬಿಡಿಸುತ್ತಿದ್ದಳು. ಗಾಜು ಹೊಕ್ಕ ಕಾಲನ್ನು ಇನ್ನೂ ನೇರವಾಗಿ ಊರುತ್ತಿರಲಿಲ್ಲ.

‘ಹೊಸಾ ಅಂಗಳ ಅಗ್ದು ಹಾಕಿದ್ಯಲ್ಲೇ! ತಲೆ ಸಮ ಇದ್ಯೇನೇ ನಿಂಗೆ?’ ಎಂದು ಅತ್ತೆ ಬೈಯಲು ಶುರುಮಾಡಿದವರು ಅಲ್ಲೇ ಬದುವಿನ ಮೇಲೆ ಕೂತರು. ಅವರು ಅತ್ತಿದ್ದನ್ನು ನಾನು ಅದೇ ಮೊದಲು ಕಂಡದ್ದು. ‘ಇದ್ರ ಮುಯ್ಯಿ ನಾ ಹೆಂಗೆ ತೀರ್ಸಾದೇ?’ ಎಂದರು.

ಅಕ್ಕ ಗುದ್ದಲಿಯ ಕಾವಿಗೆ ಗಲ್ಲ ಊರಿ ನಿಂತಳು.

‘ತೀರ್ಸಬ್ಯಾಡಿ ದೊಡ್ಡಮ್ಮ. ಬಾಕಿ ಇರ್ಲಿ. ಬಾಕಿ ಇರೋ ಗಂಟ ನೀವು ಗದ್ದೆ ಮಾರಲ್ಲ.’

ಎರಡು ದಿನ ಬಿಟ್ಟು ನಟ್ಟಿಯಾಯಿತು. ಅಕ್ಕ ನನ್ನ ಪಕ್ಕದಲ್ಲೇ ನಿಂತಳು. ಕೆಳಗಿನ ಎರಡು ಮನೆಯವರೂ ಆ ವರ್ಷ ನೆಟ್ಟರು, ಮುಂದಿನ ವರ್ಷವೂ ನೆಟ್ಟರು. ಪೇಟೆ ನಮ್ಮನ್ನು ಸುತ್ತಿಕೊಂಡು ಕೆರೆಯಾಚೆಗೆ ಹೋಯಿತು. ಕೇಳಲು ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದುದು ಒಂದೇ ಮಾತು: ‘ಒಬ್ರ ಮುಯ್ಯಿ ಬಾಕಿ ಇದೆ, ತೀರ್ಲಿ, ಆಮ್ಯಾಲೆ ನೋಡಾನ.’ ತೀರಿಸುವ ಅವಕಾಶ ಎಷ್ಟೋ ಬಂತು. ಅಕ್ಕನ ಮನೆಗೆ ಹೆಂಚು ತಿರುಗಿಸುವ ದಿನ ಬಂತು, ಮಗಳ ಮದುವೆ ಬಂತು. ಎಲ್ಲಕ್ಕೂ ನಮ್ಮನ್ನು ದುಡಿಯಲು ಕಳಿಸಿ ತಾವೂ ದುಡಿದರು. ಇದು ಅದಕ್ಕೆ ಸೇರಿದ್ದಲ್ಲ ಎಂದು ಪ್ರತಿ ಸಲವೂ ಅಕ್ಕನಿಗೆ ಹೇಳಿಯೇ ಬಂದರು. ಅರ್ಧ ದಿನದ ಬಾಕಿಗೆ ಊಟ ಸೇರದಿದ್ದ ನಮ್ಮ ಅತ್ತೆ ಅದೊಂದನ್ನು ಹತ್ತು ವರ್ಷ ತೀರಿಸದೆ ಇಟ್ಟುಕೊಂಡು, ತೀರಿಸದೆಯೇ ಹೋದರು.